ಹಳಿಯಾಳ ಬಸ್‌ಸ್ಟ್ಯಾಂಡಿನ ಹುಳಿ ಚಟ್ನಿ

ಮೊಮ್ಮಕ್ಕಳೇ, ಹಳಿಯಾಳದ ಬಸ್‌ಸ್ಟ್ಯಾಂಡಿನಲ್ಲಿ ಕುಳಿತು ಇದನ್ನು ಬರೆಯುತ್ತಿದ್ದೇನೆ. ಬಸುರಿಯಾದ ನಿಮ್ಮ ಸುಮಕ್ಕನ ಹೊಟ್ಟೆಯಲ್ಲಿ ಎಷ್ಟೋ ದಿನದಿಂದ ಒಂದು ತುತ್ತೂ ನಿಂತಿಲ್ಲ. ಅದಕ್ಕೇ ದಾಂಡೇಲಿಯಿಂದ ಇಲ್ಲಿಯವರೆಗೂ ನನ್ನ ಮೇಲೆ ಸಿಡುಕುತ್ತಲೇ ಬಂದಳು.

ಪಕ್ಕದಲ್ಲಿ ಕುಳಿತ ಸಿದ್ದಿ ಹೆಂಗಸೊಬ್ಬರು ರೊಟ್ಟಿ ಚಟ್ನಿಯ ಡಬ್ಬಿ ತೆರೆದರು. ಸುಮಾ ಅದರಿಂದ ಕಣ್ಣು ಕೀಳಲಿಲ್ಲ. ಕೇಳಲು ನನಗೆ ನಾಚಿಕೆ.

“ಬಸುರಿ ಕಣ್ಣು ಬಿದ್ದೈತಿ, ಒಬ್ಬಾಕೀನ ತಿಂದ್ರ ನನಗ ಹೊಟ್ಟಿ ನೋಯ್ತೈತಿ. ತಗೋ ಮಗಳ,” ಎಂದು ಅವರೇ ಅರ್ಧ ಕೊಟ್ಟರು.

ಹುಳಿ ನಾಲಿಗೆಗೆ ತಾಗುತ್ತಿದ್ದಂತೆ ಸುಮಾಳ ಹುಬ್ಬಿನ ಗಂಟು ಸಡಿಲಾಯಿತು.

“ಯಾತರ ಚಟ್ನಿರೀ?” ಎಂದೆ.

“ಕೆಂಪಿರುವಿ ಹಿಡದು ಅರದದ್ದು.”

ಈಗ ಎಲ್ಲ ಹೊರಗೆ ಬರುತ್ತದೆಂದು ಚೀಲದಲ್ಲಿ ಪ್ಲಾಸ್ಟಿಕ್ ಕವರಿಗೆ ತಡಕಾಡಿದೆ. ಸುಮಾ ಬೆರಳು ನೆಕ್ಕಿ, ನನ್ನತ್ತ ತಿರುಗಿ, “ಅಜ್ಜೀ, ಇನ್ನೊಂಚೂರು ಕೇಳಬೇ,” ಎಂದಳು.

ಸೆರಗಿನಿಂದ ಮುಖ ಮುಚ್ಚಿಕೊಂಡು ಕೇಳಿಯೇಬಿಟ್ಟೆ.