ಗೋಡೆಯ ತೂತಿಗೆ ಹಳೇ ಸೀರೆ

ಲಾಕ್‌ಡೌನಿನ ಆ ಚಳಿಗಾಲದಲ್ಲಿ ನಾವು ಮನೆಯ ಗ್ಯಾಸ್ ಬಿಲ್ ಇಳಿಸಲು ಹೊರಟೆವು. ಬಿಲ್ ಇಳಿಯಿತು. ಅದರ ಜೊತೆಗೇ ಅತ್ತೆಯೂ ಇಳಿಯುತ್ತಿದ್ದಾರೆ ಎನ್ನುವುದು ಮನೆಯಲ್ಲೇ ಇದ್ದ ಡಾಕ್ಟರಿಗೂ ಗೊತ್ತಾಗಲಿಲ್ಲ. ಆ ಡಾಕ್ಟರು ನನ್ನ ಗಂಡ. ಈಗ ಇದನ್ನು ನಗುತ್ತಲೇ ಹೇಳುತ್ತೇನೆ. ಆದರೂ ನಡೆದದ್ದನ್ನು ನಡೆದ ಹಾಗೆ, ನಿಧಾನವಾಗಿ ಬರೆಯುತ್ತೇನೆ.

ಪರದೇಶದ ನೇಸ್ ಎಂಬ ಊರಿನಲ್ಲಿ ನಮ್ಮದು ಬಾಡಿಗೆಯ ಹಳೇ ಮನೆ. ಸಿಟಿವೆಸ್ಟ್ ಬಡಾವಣೆಯಲ್ಲಿದ್ದ ನನ್ನ ಆಫೀಸು ಮಹಡಿಯ ಪುಟ್ಟ ಕೋಣೆಗೆ ಬಂದು ಸೇರಿತ್ತು. ಮಗಳ ಸ್ಕೂಲು ಅಡುಗೆಮನೆಯ ಮೇಜಿನ ಮೇಲಿತ್ತು. ಗಂಡ ರೋಗಿಗಳನ್ನು ಮನೆಯಿಂದ ಫೋನಿನಲ್ಲೇ ವಿಚಾರಿಸುತ್ತಿದ್ದರು. ಮೈಸೂರಿನಿಂದ ಬೇಸಿಗೆ ಕಳೆಯಲು ಬಂದ ಅತ್ತೆ ವಿಮಾನಗಳು ನಿಂತು ಇಲ್ಲೇ ಉಳಿದಿದ್ದರು. ನಾಲ್ಕೂ ಜನ ಇಡೀ ದಿನ ಮನೆಯಲ್ಲಿದ್ದರೆ ಬಾಯ್ಲರು ಸುಮ್ಮನಿರುತ್ತದೆಯೇ? ಅಲ್ಲಿಯವರೆಗೆ ಕಂಪನಿಯವರು ಅಂದಾಜಿನ ಮೇಲೆ ಬಿಲ್ ಕಳಿಸುತ್ತಿದ್ದರು. ಮೊದಲ ಸಲ ಮೀಟರಿನ ನಿಜವಾದ ಲೆಕ್ಕ ಬಂದ ದಿನ ನನ್ನ ಗಂಡ ಊಟದ ಮೇಜಿನಲ್ಲಿ ಬಿಲ್ಲನ್ನು ಎಕ್ಸ್‌ರೇ ಹಿಡಿದ ಹಾಗೆ ದೀಪಕ್ಕೆ ಹಿಡಿದು ಪಾಠ ಶುರು ಮಾಡಿದರು. ಮೀಟರಿನ ಯೂನಿಟ್ಟನ್ನು ಹೇಗೆ ಕಿಲೋವ್ಯಾಟ್ ಅವರ್ ಮಾಡುತ್ತಾರೆ, ಅದರ ಮೇಲೆ ಕಾರ್ಬನ್ ಟ್ಯಾಕ್ಸ್ ಹೇಗೆ ಕೂರುತ್ತದೆ, ಗ್ಯಾಸ್ ಹಚ್ಚಿದರೂ ಹಚ್ಚದಿದ್ದರೂ ಸ್ಟ್ಯಾಂಡಿಂಗ್ ಚಾರ್ಜ್ ಹೇಗೆ ತಪ್ಪುವುದಿಲ್ಲ, ಎಲ್ಲ ವಿವರಿಸಿದರು.

"ಉರಿಸ್ದೇ ಇದ್ರೂನಾ?" ಅತ್ತೆ ಕೇಳಿದರು.

"ಹೂಂ ಅಮ್ಮ, ಸುಮ್ನೆ ಕನೆಕ್ಷನ್ ಇರೋದಕ್ಕೆ."

"ಸುಮ್ನೆ ಇರೋದಕ್ಕೆ ದುಡ್ಡು ಅಂದ್ರೆ ನಿಮ್ಮಪ್ಪಂಗೆ ಎಷ್ಟು ಕೊಡ್ಬೇಕಾಗಿತ್ತೋ!"

ಪಾಠದ ಕೊನೆಗೆ ಚಿಕಿತ್ಸೆಯೂ ಬಂತು. ಇಡೀ ಮನೆಯ ರೇಡಿಯೇಟರುಗಳಿಗೆ ಬೆಳಿಗ್ಗೆ ಸ್ವಲ್ಪ, ಸಂಜೆ ಸ್ವಲ್ಪ. ಉಳಿದ ಹೊತ್ತು ಮುಂದಿನ ಕೋಣೆಯ ಗ್ಯಾಸ್ ಒಲೆ ಒಂದೇ. ಗೋಡೆಯ ಚಿಮಣಿಯೊಳಗೆ ಕೂರಿಸಿದ ಒಲೆ ಅದು. ಅದರಲ್ಲಿ ಸುಳ್ಳು ಕೆಂಡಗಳು ನಿಜವಾಗಿ ಉರಿಯುತ್ತವೆ. ಚಳಿ ಜಾಸ್ತಿ ಎನ್ನುವವರು ಅಲ್ಲಿಗೆ ಹೋಗಬೇಕು. ಬಾಗಿಲ ಸಂದಿಗೆ ಟವೆಲ್, ಕಿಟಕಿಯ ಸಂದಿಗೆ ಟೇಪ್.

ಆ ಕೋಣೆಯ ಗೋಡೆಯಲ್ಲಿ, ಒಲೆಗೆ ಎದುರಾಗಿ, ಒಂದು ಗುಂಡನೆಯ ತೂತು. ಹೊರಗಿನ ಗಾಳಿ ಅದರಿಂದ ನೇರವಾಗಿ ಅತ್ತೆಯ ಬೆನ್ನಿಗೆ ಬಡಿಯುತ್ತಿತ್ತು.

"ದುಡ್ಡು ಸುರಿದು ಬಿಸಿ ಮಾಡೋದು, ಆಮೇಲೆ ಗೋಡೆಗೆ ತೂತು ಕೊರೆದು ಆಚೆಗೆ ಬಿಡೋದು. ಇವರಿಗೆ ಯಾರೂ ಹೇಳೋರಿಲ್ವೇನೆ?" ಎಂದ ಅತ್ತೆ, ತಮ್ಮ ಹಳೇ ಹತ್ತಿ ಸೀರೆಯನ್ನು ಸುರುಳಿ ಸುತ್ತಿ ಅದರೊಳಗೆ ತುರುಕಿದರು. ಸೀರೆ ಪೂರ್ತಿ ಹಿಡಿಯಿತು. ಗಾಳಿ ನಿಂತಿತು. ನನ್ನ ಗಂಡ, "ಅಮ್ಮ, ನೀನು ಎಂಜಿನಿಯರ್ ಆಗ್ಬೇಕಿತ್ತು" ಎಂದರು. ನಾನೂ ಹೋಗಿ ಆ ಬೆಚ್ಚನೆಯ ಕೋಣೆಯಲ್ಲಿ ಕಾಫಿ ಕುಡಿದು ಬಂದೆ.

ಇನ್ನೊಂದು ವಿಷಯ ಹೇಳಬೇಕು. ನಮ್ಮ ಮನೆಯಲ್ಲಿ ಒಗ್ಗರಣೆ ಹಾಕಿದರೆ ನಡುಮನೆಯ ಹೊಗೆ ಅಲಾರಮ್ಮು ಕಿರುಚುತ್ತದೆ. ಸಾಸಿವೆ ಚಟಪಟ ಅಂದ ಕೂಡಲೇ ಒಬ್ಬರು ಪೇಪರ್ ಹಿಡಿದು ಅದರ ಕೆಳಗೆ ಓಡಿ ಗಾಳಿ ಹಾಕುವುದು ಈ ದೇಶದ ಕನ್ನಡಿಗರ ಮನೆಗಳ ನಿತ್ಯಕರ್ಮ. ಸೀರೆ ತುರುಕಿದ ಮೇಲೆ ಒಂದು ದಿನ, ಅತ್ತೆ ಸಾರಿಗೆ ಇಂಗು ಒಣಮೆಣಸಿನಕಾಯಿ ಹಾಕುತ್ತಿದ್ದಾಗ, ಮುಂದಿನ ಕೋಣೆಯ ಒಲೆಯ ಮೇಲಿನ ಹಲಗೆಯಲ್ಲಿದ್ದ ಇನ್ನೊಂದು ಬಿಳಿ ಡಬ್ಬಿಯೂ ಕಿರುಚಿತು. "ಇದಕ್ಕೂ ಒಗ್ಗರಣೆ ಆಗ್ಬರಲ್ಲ" ಎಂದು ನನ್ನ ಗಂಡ ಅದರ ಬ್ಯಾಟರಿ ಕಿತ್ತು, ಅದನ್ನು ಮಾಸ್ಕುಗಳ ಡ್ರಾಯರಿನಲ್ಲಿ ಮಲಗಿಸಿದರು.

ಆಮೇಲೆ ಅತ್ತೆಗೆ ತಲೆನೋವು ಬಂತು. ಓಕರಿಕೆ, ಸುಸ್ತು, ಎದ್ದರೆ ತಲೆ ಸುತ್ತು. ಆ ಕಾಲದಲ್ಲಿ ಕಾಯಿಲೆ ಇದ್ದದ್ದು ಒಂದೇ. ಬೇರೆಯವೆಲ್ಲ ರಜೆ ಹಾಕಿದ್ದವು. "ಐಸೋಲೇಷನ್" ಎಂದರು ಡಾಕ್ಟರು. ಎಲ್ಲಿ? ಮನೆಯಲ್ಲೇ ಬೆಚ್ಚಗಿನ ಕೋಣೆಯಲ್ಲಿ. ಒಲೆಯ ಪಕ್ಕ ಮಂಚ ಹಾಕಿ, ಬಾಗಿಲು ಮುಚ್ಚಿ, ಊಟದ ತಟ್ಟೆಯನ್ನು ಹೊಸ್ತಿಲಲ್ಲಿಟ್ಟು ಓಡಿ ಬರುವ ವ್ಯವಸ್ಥೆ ಮಾಡಿದೆವು.

ಟೆಸ್ಟಿಗೆ ಕಾರಿನಲ್ಲಿ ಕರೆದೊಯ್ದೆವು. ಕಿಟಕಿ ಇಳಿಸಿಕೊಂಡು ಕೂತ ಅತ್ತೆ ದಾರಿಯಲ್ಲೇ ಚುರುಕಾದರು. ಮೂಗಿಗೆ ಕಡ್ಡಿ ಹಾಕಿದ ಹುಡುಗಿಯನ್ನು ಕನ್ನಡದಲ್ಲಿ ಬೈದರು, ವಾಪಸು ಬರುವಾಗ ಚಿಪ್ಸ್ ಕೇಳಿದರು. ಫಲಿತಾಂಶ ನೆಗೆಟಿವ್. ಅಷ್ಟರಲ್ಲಿ ಅತ್ತೆ ಮತ್ತೆ ಮಲಗಿಬಿಟ್ಟಿದ್ದರು.

"ಫಾಲ್ಸ್ ನೆಗೆಟಿವ್ ಇರುತ್ತೆ," ಎಂದರು ನನ್ನ ಗಂಡ. ಎರಡನೆಯದೂ ನೆಗೆಟಿವ್ ಬಂದಾಗ ತಪ್ಪು ಟೆಸ್ಟಿನದೇ ಎಂದು ಅವರಿಗೆ ಖಾತ್ರಿಯಾಯಿತು.

ಅತ್ತೆಯ ಮಾತು ತೊದಲತೊಡಗಿತ್ತು. ನನಗೆ ಆಗಲೇ ಭಯ ಹತ್ತಿತ್ತು. ಅವರು ಈ ಮನೆಯಲ್ಲೇ ಹೋಗಿಬಿಡುತ್ತಾರೆ, ಮೈಸೂರಿಗೆ ಕಳಿಸಲೂ ಆಗುವುದಿಲ್ಲ ಎಂದು ಮನಸ್ಸು ಒಂದೇ ಕಡೆ ಸುತ್ತುತ್ತಿತ್ತು. ಮಾರನೇ ಮಧ್ಯಾಹ್ನ ಮಗಳು ಅಂಗಳದಲ್ಲಿ ನಿಂತು ಅಜ್ಜಿಯ ಕಿಟಕಿ ಬಡಿದಳು. ಅತ್ತೆ ಟೇಪ್ ಕಿತ್ತು ಕಿಟಕಿ ತೆರೆದರು. ಇಬ್ಬರೂ ತುಂಬ ಹೊತ್ತು ಹರಟಿದರು. ಕೊನೆಗೆ ಮಗಳು, ಹುಷಾರಾಗಿದ್ದೀಯಾ ಎಂಬುದನ್ನು ಈ ಊರಿನವರ ಮಾತಿನಲ್ಲಿ, ಅವರ ರಾಗದಲ್ಲೇ ಕೇಳಿದಳು.

"ಅಜ್ಜಿ, ಆರ್ ಯು ಗ್ರ್ಯಾಂಡ್?"

"ಗ್ರ್ಯಾಂಡು ಕಣೇ. ಕಿಟಕಿ ತೆಗೆದ್ರೆ ಗ್ರ್ಯಾಂಡು, ಮುಚ್ಚಿದ್ರೆ ತಲೆ ಸಿಡಿಯುತ್ತೆ."

ಮಹಡಿಯ ಕಿಟಕಿಯಲ್ಲಿದ್ದ ನನಗೆ ಇದು ಕೇಳಿಸಿತು. ಸಾಫ್ಟ್‌ವೇರ್ ಪರೀಕ್ಷೆ ಮಾಡುವುದು ನನ್ನ ಕೆಲಸ. ಏನು ಬದಲಾದಾಗ ಏನು ಕೆಡುತ್ತದೆ ಎಂದು ನೋಡುವುದಕ್ಕೇ ನನಗೆ ಸಂಬಳ. ಕಾರಿನಲ್ಲಿ ಹುಷಾರು, ಕಿಟಕಿಯಲ್ಲಿ ಹುಷಾರು, ಒಲೆಯ ಪಕ್ಕ ಕಾಯಿಲೆ. ಮೀಟಿಂಗಿನ ನಡುವೆಯೇ ಎದ್ದು ಕೆಳಗಿಳಿದೆ.

ಅತ್ತೆಯ ರಟ್ಟೆ ಹಿಡಿದು ಹೊರಗೆ ಕರೆತಂದೆ. ನಡುಮನೆಯಲ್ಲಿ ಗಂಡ ಅಡ್ಡ ಬಂದರು.

"ಏಯ್, ಐಸೋಲೇಷನ್ನು! ಮಾಸ್ಕ್ ಎಲ್ಲಿ?"

"ರೀ, ಪಕ್ಕಕ್ಕೆ ಬನ್ನಿ. ಆ ಡ್ರಾಯರಿನ ಡಬ್ಬಿಗೆ ಬ್ಯಾಟರಿ ಹಾಕಿ."

"ಯಾವ ಡಬ್ಬಿ?"

"ಒಗ್ಗರಣೆ ಆಗ್ಬರದೇ ಇರೋದು."

ಅವರು ಬ್ಯಾಟರಿ ಹಾಕಿದರು. ಒಲೆ ಇನ್ನೂ ಉರಿಯುತ್ತಿದ್ದ ಖಾಲಿ ಕೋಣೆಯಲ್ಲಿ ಅದನ್ನಿಟ್ಟು, ಕಿಟಕಿ ಬಾಗಿಲು ಮುಚ್ಚಿ, ಅಂಗಳದಲ್ಲಿ ನಿಂತೆವು. ಅತ್ತೆ ನನ್ನ ಕೋಟಿನೊಳಗೆ ನಡುಗುತ್ತಿದ್ದರು. ಆಮೇಲೆ ಅದು ಕಿರುಚಿತು. ಅಡುಗೆಮನೆಯಲ್ಲಿ ಒಂದು ಕಾಳು ಸಾಸಿವೆಯೂ ಸಿಡಿದಿರಲಿಲ್ಲ.

"ಕಾರ್ಬನ್ ಮೊನಾಕ್ಸೈಡ್" ಎಂದು ಗಂಡ ಮೆಲ್ಲಗೆ, ಪರೀಕ್ಷೆಯಲ್ಲಿ ಉತ್ತರ ತಡವಾಗಿ ಹೊಳೆದ ಹುಡುಗನ ಹಾಗೆ ಹೇಳಿದರು. ಉಸಿರು ಬಿಗಿಹಿಡಿದು ಒಳಗೆ ಓಡಿ, ಒಲೆ ಆರಿಸಿ, ಕಿಟಕಿಗಳನ್ನೆಲ್ಲ ತೆರೆದು ಬಂದರು. ಆಂಬುಲೆನ್ಸ್ ಕರೆದೆವು. ಆಸ್ಪತ್ರೆಯಲ್ಲಿ ಅತ್ತೆಗೆ ಆಕ್ಸಿಜನ್ ಕೊಟ್ಟರು. ಬದುಕಿದರು. ಇನ್ನೂ ಕೆಲವು ದಿನ ಬಿಟ್ಟಿದ್ದರೆ ಎಂದು ಅಲ್ಲಿನ ಡಾಕ್ಟರು ಶುರು ಮಾಡಿದ ವಾಕ್ಯವನ್ನು ನನ್ನ ಗಂಡ ಪೂರ್ತಿ ಕೇಳದೆ ಹೊರಗೆ ಹೋಗಿ ನಿಂತರು.

ಗ್ಯಾಸಿನವನು ಬಂದು ನೋಡಿದ. ಒಲೆಯ ಹೊಗೆ ಚಿಮಣಿ ಹತ್ತಬೇಕಾದರೆ ಹೊರಗಿನ ಗಾಳಿ ಒಳಗೆ ಬರಬೇಕು, ತೂತು ಇರುವುದೇ ಅದಕ್ಕೆ, ಇಲ್ಲದಿದ್ದರೆ ವಾಸನೆಯಿಲ್ಲದ ಆ ವಿಷಗಾಳಿ ಕೋಣೆಯಲ್ಲೇ ತುಂಬುತ್ತದೆ, ಬಿಳಿ ಡಬ್ಬಿ ಕಿರುಚುವುದು ಅದಕ್ಕೇ ಎಂದ. ಸೀರೆಯ ತುದಿ ಹಿಡಿದು ಎಳೆದ. ಬಂತು, ಬರುತ್ತಲೇ ಇತ್ತು, ಅಂಚು, ಒಡಲು, ಸೆರಗು. ಕೊನೆಗೆ ಅವನು ಜಾದೂಗಾರನಂತೆ ಸೀರೆಯ ರಾಶಿ ಅಪ್ಪಿಕೊಂಡು ನಿಂತ. ನಮ್ಮಲ್ಲಿ ಯಾರಿಗೂ ನಗು ಬರಲಿಲ್ಲ, ಆಸ್ಪತ್ರೆಯಿಂದ ಬಂದು ಕುರ್ಚಿಯಲ್ಲಿ ಕೂತಿದ್ದ ಅತ್ತೆಗೆ ಮಾತ್ರ ಬಂತು. "ಅದನ್ನ ಒಗೆಯೋಕೆ ಹಾಕಪ್ಪ," ಎಂದರು.

ಮುಂದಿನ ಬಿಲ್ ಮತ್ತೆ ಏರಿತು. ಈ ಸಲ ಮೇಜಿನಲ್ಲಿ ಪಾಠವಿರಲಿಲ್ಲ. ಗಂಡ ಅದನ್ನು ಮಡಚಿ ಜೇಬಿಗಿಟ್ಟರು. ಬೆಳಿಗ್ಗೆ ಎದ್ದರೆ ನಾನು ಮೊದಲು ತೂತಿನ ಮುಂದೆ ಅಂಗೈ ಹಿಡಿಯುತ್ತೇನೆ. ತಣ್ಣಗೆ ತಗುಲಿದರೆ ಕಾಫಿಗೆ ನೀರಿಡುತ್ತೇನೆ. ಒಂದು ದಿನ ಶಾಲು ಹೊದ್ದು ಕೂತಿದ್ದ ಅತ್ತೆ ನನ್ನನ್ನೇ ನೋಡುತ್ತಿದ್ದರು.

"ಈ ಗಾಳಿಗೂ ಬಿಲ್ ಹಾಕ್ತಾರೇನೆ?"

"ಇಲ್ಲ ಅತ್ತೆ."

"ಹಾಗಾದ್ರೆ ಬರ್ಲಿ ಬಿಡು."