ಎಲ್ಲರೂ ಸಾಹುಕಾರರಾದ ಮಧ್ಯಾಹ್ನ

ತೊಂಬತ್ತರ ದಶಕದ ಕೊನೆಯ ಒಂದು ಸುಗ್ಗಿ. ಮಸ್ಕಿಯಲ್ಲಿ ಹುಟ್ಟಿ, ಲಿಂಗಸುಗೂರಿನಲ್ಲಿ ಕೋರ್ಸು ಮುಗಿಸಿದ ನಾನು ಸಿಂಧನೂರಿನ ಅಕ್ಕಿ ಗಿರಣಿಯೊಂದರಲ್ಲಿ ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದೆ. ಮೀಸೆ ಇನ್ನೂ ಪೂರ್ತಿ ಬಂದಿರಲಿಲ್ಲ, ಬಾಯಿ ಮಾತ್ರ ಪೂರ್ತಿ ಬಂದಿತ್ತು. ಪತ್ರಿಕೆಯೊಂದರ ಜೊತೆ ಪುಕ್ಕಟೆ ಸಿಕ್ಕ, ಕಂಪ್ಯೂಟರ್ ನಡೆಸುವ ಲಿನಕ್ಸ್ ತಂತ್ರಾಂಶದ ಸಿಡಿ ಹಿಡಿದು, "ಇದು ಎಂದೂ ನಿಲ್ಲಂಗಿಲ್ರೀ ಸಾವ್ಕಾರ್ರ" ಎಂದು ಗಿರಣಿ ಮಾಲೀಕರ ಮುಂದೆ ಎದೆ ತಟ್ಟಿ ಹಾಕಿಸಿದವನು ನಾನೇ.

ಅದು ನಿಂತಿತು. ಅದೂ ಮುಕ್ಕುಂದ, ಜವಳಗೇರಾ ಕಡೆಯ ಭತ್ತದ ಲಾರಿಗಳು ಗೇಟಿನಿಂದ ರಸ್ತೆಯವರೆಗೆ ಸಾಲುಗಟ್ಟಿದ ದಿನ.

ಗೇಟು, ತೂಕದ ಕಾಟಾ, ಗೋದಾಮು ಎಲ್ಲ ಕಡೆಯೂ ಒಂದೊಂದು ಪರದೆ. ಎಲ್ಲಕ್ಕೂ ಒಳಗಿನ ಕೋಣೆಯ ಒಂದೇ ಯಂತ್ರ. ಗುಮಾಸ್ತರು ತೂಕ ಒತ್ತಿದರೆ ಡೇಟಾಬೇಸ್ ಬರೆದುಕೊಂಡು ಚೀಟಿ ಕೊಡಬೇಕು. ಚೀಟಿಯಿಲ್ಲದೆ ಲಾರಿ ಖಾಲಿಯಾಗದು. ಮಧ್ಯಾಹ್ನದ ಹೊತ್ತಿಗೆ ಚೀಟಿ ನಿಂತು, ಹೊಸ ಕೆಲಸ ಶುರುಮಾಡಲು ಆಗದೆಂದು ಪರದೆ ಇಂಗ್ಲಿಷಿನಲ್ಲಿ ಗೊಣಗತೊಡಗಿತು.

ಸಾಹುಕಾರರು ಬಾಗಿಲಲ್ಲಿ ನಿಂತು ಕೆಮ್ಮಿದರು. "ಸಂಜಿ ಒಳಗ ಚೀಟಿ ಬರ್ಲಿಲ್ಲಂದ್ರ ನಿನ್ನೂ ನಿನ್ನ ಪುಕ್ಕಟೆ ಮಷೀನನ್ನೂ ಒಂದ ಲಾರಿಗೆ ಹಾಕಿ ಮಸ್ಕಿಗೆ ಕಳಿಸ್ತೀನಿ, ತಿಳೀತಿಲ್ಲೋ?"

ಅವರಿಲ್ಲದಾಗ ಅಣಕಿಸುತ್ತ ಆ ಕೆಮ್ಮನ್ನು ನಾನು ಅವರಿಗಿಂತ ಚೆನ್ನಾಗಿ ಕೆಮ್ಮುತ್ತಿದ್ದೆ. ಅಂದು ಅಣಕ ಬಿಟ್ಟು ಕೀಬೋರ್ಡಿಗೆ ಕೈ ಹಾಕಿದೆ.

ಡಿಸ್ಕಿನಲ್ಲಿ ಜಾಗವಿತ್ತು, ಮೆಮೊರಿಯೂ ಉಳಿದಿತ್ತು. ಅರ್ಧ ಬಸ್ಸು ಖಾಲಿಯಿದ್ದರೂ ಕಂಡಕ್ಟರ್ "ಜಾಗಿಲ್ಲ, ಜಾಗಿಲ್ಲ" ಎನ್ನುವ ಪರಿ! ಯಂತ್ರದೊಳಗೆ ನಡೆಯುತ್ತಿದ್ದ ಕೆಲಸಗಳ ಪಟ್ಟಿ ತೆರೆದೆ; ಪ್ರತಿ ಕೆಲಸದ ಮುಂದೆ ಅದನ್ನು ಶುರುಮಾಡಿದವರ ಹೆಸರು. ಗೇಟಿನಲ್ಲಿ ಸಾಹುಕಾರ, ಕಾಟಾದಲ್ಲಿ ಸಾಹುಕಾರ, ಗೋದಾಮಿನಲ್ಲಿ ಸಾಹುಕಾರ. ಡೇಟಾಬೇಸನ್ನು ನಡೆಸುತ್ತಿದ್ದವನೂ ಸಾಹುಕಾರ! ನಕ್ಕುಬಿಟ್ಟೆ.

ಲಾಗಿನ್ ಆಗಿ ಯಂತ್ರದ ಒಳಹೋದವರ ಹೆಸರು ಚೀಟಿಯ ಕೆಳಗೆ ಅಚ್ಚಾಗುತ್ತಿತ್ತು. ಸಾಹುಕಾರರ ಹೆಸರಿದ್ದರಷ್ಟೇ ಡ್ರೈವರುಗಳು ಮಾತು ಕೇಳುತ್ತಾರೆಂದು ಗುಮಾಸ್ತರೆಲ್ಲ ಅದೇ ಹೆಸರಿನಲ್ಲಿ ಒಳಹೋಗುತ್ತಿದ್ದರು. ಚಹಾಕ್ಕೆ ಎದ್ದರೆ ಪರದೆ ಆರಿಸುತ್ತಿದ್ದರೇ ಹೊರತು ಲಾಗೌಟ್ ಆಗಿ ಹೊರಗೆ ಬರುತ್ತಿರಲಿಲ್ಲ; ಮರಳಿದ ಮೇಲೆ ಮತ್ತೆ ಹೊಸದಾಗಿ ಒಳಹೋಗುತ್ತಿದ್ದರು, ಹಳೆಯದು ಒಳಗೇ ಉಳಿಯುತ್ತಿತ್ತು. ಬಸ್ಸಿನ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿದು, ಮಿರ್ಚಿ ತಿನ್ನಲು ಹೋದಂತೆ. ಒಬ್ಬನೇ ಇಡೀ ಯಂತ್ರ ನುಂಗದಿರಲೆಂದು ಲಿನಕ್ಸ್ ಒಂದು ಹೆಸರಿಗೆ ಇಷ್ಟೇ ಕೆಲಸ ಎಂದು ಮಿತಿ ಇಟ್ಟಿರುತ್ತದೆ. ನಮ್ಮ ಸಾಹುಕಾರರ ಮಿತಿ ತುಂಬಿ ತುಳುಕುತ್ತಿತ್ತು.

ಮಿತಿ ಏರಿಸಿ "ಆತು!" ಎಂದು ಕುಣಿದೆ. ಆಗಿರಲಿಲ್ಲ. ಹೊಸ ಮಿತಿ ಹೊಸದಾಗಿ ಒಳಬರುವವರಿಗೆ ಮಾತ್ರ; ಆಗಲೇ ಒಳಗಿದ್ದವರಿಗೆ, ಡೇಟಾಬೇಸಿಗೂ, ಹಳೆಯದೇ. ಎಲ್ಲರನ್ನೂ ಹೊರಹಾಕಿ, ಒಬ್ಬೊಬ್ಬರಿಗೂ ಅವರವರ ಹೆಸರು, ಡೇಟಾಬೇಸಿಗೆ ಅದರದೇ ಹೆಸರು ಕೊಟ್ಟರೆ ಮಿತಿ ಮತ್ತೆ ತುಂಬುವುದಿಲ್ಲ.

ಕಾಟಾದ ಹಿರಿಯ ಗುಮಾಸ್ತರು ಒಪ್ಪಲಿಲ್ಲ.

"ಕಾಕಾ, ನಿಮ್ಮ ಹೆಸರ್ಲೆ ಹೋಗ್ರಿ."

"ನನ್ ಹೆಸರಿಗೆ ಯಾವ ಡ್ರೈವರ್ ಕೇಳ್ತಾನಲೇ? ಮನ್ಯಾಗ ನನ್ ಹೇಣ್ತೀನ ಕೇಳಂಗಿಲ್ಲ."

"ನಮ್ಮಪ್ಪನ ಮಾತ ನಾನೂ ಕೇಳಂಗಿಲ್ಲ. ಹಂಗಂತ ಅವ ಹೆಸರ ಬದ್ಲಿ ಮಾಡ್ಯಾನೇನು?"

ಹೊರಗೆ ಹಾರ್ನುಗಳ ಅಬ್ಬರ. ಸಾಹುಕಾರರು ರೇಗಿದರು. "ಕಾಕಾ, ಬೆಳಿಗ್ಗಿಂದ ನಾ ಎಷ್ಟ್ ಕಡೆ ಕುಂತೀನ್ರೀ? ನನ್ನ ಸ್ವಲ್ಪ ಏಳಾಕ ಬಿಡ್ರಿ!"

ಕಾಕಾ ಕನ್ನಡಕ ಏರಿಸಿ, ಒಂದೇ ಬೆರಳಿನಿಂದ ತಮ್ಮ ಹೆಸರು ಒತ್ತಿದರು. ಡೇಟಾಬೇಸನ್ನು ಹೊಸದಾಗಿ ಎಬ್ಬಿಸಿದೆ. ಪ್ರಿಂಟರ್ ಕಿರ್‍ರೆಂದಿತು!

ಡ್ರೈವರ್ ಚೀಟಿ ತಿರುವಿ ನೋಡಿದ. "ಇದರಾಗ ಸಾವ್ಕಾರ್ರ ಹೆಸರ ಇಲ್ಲಲ್ರೀ?"

"ನನ್ ಹೆಸರ ಐತಿ," ಎಂದರು ಕಾಕಾ. ಆ ದನಿಯನ್ನು ನಾನು ಹಿಂದೆಂದೂ ಕೇಳಿರಲಿಲ್ಲ, ಅಣಕಿಸಲೂ ಬರಲಿಲ್ಲ. "ಗಾಡಿ ಹಿಂದಕ್ಕ ತಗೋ. ಗೋದಾಮಿನ ಕಡೆ ನಡಿ."

ಅವನು ಗಾಡಿ ಹಿಂದಕ್ಕೆ ತೆಗೆದು ಗೋದಾಮಿನತ್ತ ತಿರುಗಿಸಿದ. ಸಾಲು ಜರುಗಿತು. ಸಾಹುಕಾರರು ನನ್ನ ಕಡೆ ನೋಡದೆಯೇ, "ನಾಳಿ ಲಗೂನ ಬಾ, ಲಾರಿ ಭಾಳ ಅದಾವ" ಎಂದರು. ನಾನಾಗಲೇ ಗೇಟಿನತ್ತ ಓಡುತ್ತಿದ್ದೆ, ಮುಂದಿನ ಲಾರಿಯನ್ನು ಕರೆಯಲು.