ತೊಳೆದು ಕೊಟ್ಟ ಡಬ್ಬಿ

ನಿಮ್ಮ ಅಪ್ಪ ಆಗ ಎರಡನೆಯ ಇಯತ್ತೆಯಲ್ಲಿದ್ದ. ನಿಮ್ಮ ಅಜ್ಜ ತೀರಿಕೊಂಡು ವರ್ಷ ತುಂಬಿತ್ತು. ಜುಗೂಳದ ಮನೆಯಲ್ಲಿ ನಾನು, ನನ್ನ ಅತ್ತೆ, ನಿಮ್ಮ ಅಪ್ಪ, ಒಂದು ಎಮ್ಮೆ. ಅರಿಶಿನ-ಕುಂಕುಮಕ್ಕೆ ನನ್ನನ್ನು ಯಾರೂ ಕರೆಯುತ್ತಿರಲಿಲ್ಲ. ಕಬ್ಬಿನ ಕಳೆ ತೆಗೆಯುವಾಗ ನನ್ನ ಪಕ್ಕದ ಸಾಲು ಹಿಡಿದು ಮಾತಾಡಿಸುತ್ತಿದ್ದವಳು ಒಬ್ಬಳೇ. ಬೌದ್ಧರ ಓಣಿಯವಳು, ನನಗಿಂತ ಹಿರಿಯಳು. ನಾನು ಹಿಂದೆ ಬಿದ್ದರೆ ನನ್ನ ಸಾಲಿಗೂ ಕೈ ಹಾಕುವಳು. ಆದರೆ ಅವಳಿಗೆ ನೀರನ್ನು, ತಂಬಿಗೆ ಮುಟ್ಟಗೊಡದೆ, ಮೇಲಿನಿಂದಲೇ ಹೊಯ್ಯುತ್ತಿದ್ದೆವು. ನಾನೂ ಹೊಯ್ದಿದ್ದೇನೆ.

ಅವರ ಮನೆಯ ಮೊದಲ ಎಮ್ಮೆ ಕರು ಹಾಕಿದಾಗ ಅವಳು ಬೆಲ್ಲ ಹಾಕಿ ಗಿಣ್ಣ ಮಾಡಿ, ಸ್ಟೀಲ್ ಡಬ್ಬಿಯಲ್ಲಿ ತಂದು ನಮ್ಮ ಮನೆಯ ಕಟ್ಟೆಯ ಮೇಲಿಟ್ಟು ಹೋದಳು.

"ಒಳಗ ತಂದೀ ಅಂದ್ರ ನೋಡು ಮತ್ತ," ಎಂದರು ಅತ್ತೆ.

ನುಗ್ಗೆ ಗಿಡದ ಬುಡಕ್ಕೆ ಸುರುವಿದೆ. ಗಿಣ್ಣದ ಡಬ್ಬಿಯನ್ನು ತೊಳೆಯದೆ, ಒಳಗೊಂದು ಬೆಲ್ಲದ ಚೂರಿಟ್ಟು ಮರಳಿಸಬೇಕು. ತೊಳೆದರೆ ಅವರ ಎಮ್ಮೆ ಬತ್ತುತ್ತದೆ ಎಂಬುದು ನಮ್ಮ ಕಡೆಯ ನಂಬಿಕೆ. ನಾನು ಗಾಬರಿಯಲ್ಲಿ, ಸುರುವಿದ ಗುರುತು ಉಳಿಯಬಾರದೆಂದು, ಬೂದಿ ಹಚ್ಚಿ ತಿಕ್ಕಿ ತೊಳೆದುಬಿಟ್ಟೆ. ಕೊಟ್ಟ ಮೇಲೆ ನೆನಪಾಯಿತು. ಅವಳು ಡಬ್ಬಿಯೊಳಗೆ ನೋಡಿ ಮುಚ್ಚಳ ಹಾಕಿಕೊಂಡಳು.

ಅಂದಿನಿಂದ ನನಗೆ ನೆಮ್ಮದಿಯಿಲ್ಲ. ಅವಳು ಡೇರಿಗೆ ಹೋಗುವ ಹೊತ್ತಿಗೆ ಕಸಬರಿಗೆ ಹಿಡಿದು ಬಾಗಿಲಿಗೆ ಬರುತ್ತಿದ್ದೆ. ಅವಳ ಕೈಯಲ್ಲಿ ಕ್ಯಾನು ಭಾರವಾಗಿ ಜಗ್ಗಿದರೆ ಉಸಿರು ಬಿಡುತ್ತಿದ್ದೆ. ಹಗುರಾಗಿ ತೂಗಾಡಿದ ದಿನ ತಟ್ಟುವ ರೊಟ್ಟಿ ಕೈಯಲ್ಲೇ ಹರಿದುಹೋಗುತ್ತಿತ್ತು. ಬೇಸಿಗೆ ಬಂದಿತು. ಒಂದು ಬೆಳಿಗ್ಗೆ ಅವಳು ಬರಲೇ ಇಲ್ಲ. ಎಮ್ಮೆ ಬತ್ತಿತ್ತು. ಕಳೆ ತೆಗೆಯುವಾಗ ನಾನು ಬೇರೆ ಸಾಲು ಹಿಡಿದೆ.

ದೀಪಾವಳಿಗೆ ಮುಂಚೆ ನಮ್ಮ ಎಮ್ಮೆ ಕರು ಹಾಕಿತು. ಅತ್ತೆ ನಾಲ್ಕು ಮನೆಗೆ ಗಿಣ್ಣ ಹಂಚಲು ಹೇಳಿದರು. ಐದನೆಯ ಡಬ್ಬಿಯನ್ನು ಸೆರಗಿನೊಳಗೆ ಇಟ್ಟುಕೊಂಡು ಆ ಓಣಿಗೆ ನಡೆದೆ. ಎರಡು ಸಲ ಅರ್ಧ ದಾರಿಯಿಂದ ತಿರುಗಿದೆ. ಮೂರನೆಯ ಸಲ ಅವಳ ಬಾಗಿಲು ಮುಟ್ಟಿದೆ.

"ಬಾಗಲಾಗ ಯಾಕ ನಿಂತಿ ತಂಗಿ? ಯಾರರ ಹಿಡದಾರೇನ ನಿನ್ನ?"

"ಅಕ್ಕಾ, ನಿಮ್ಮ ಡಬ್ಬಿ ನಾ ತೊಳದ ಕೊಟ್ಟಿದ್ದೆ. ಅದಕ್ಕ ಎಮ್ಮಿ..."

ಅವಳು ನಕ್ಕಳು. "ಮೇವ ಇಲ್ಲದ ಬತ್ತೇತಿ ಬೇ. ನಿನ್ನ ಬೂದಿಗೆ ಅಷ್ಟ ಶಕ್ತಿ ಇದ್ದಿದ್ರ ನಿಮ್ಮತ್ತಿ ಬಾಯಿ ಮೊದಲ ಬತ್ತತಿತ್ತು." ಆಮೇಲೆ ನಗು ನಿಲ್ಲಿಸಿದಳು. "ಅದ ಇರ್ಲಿ. ನನ್ನ ಗಿಣ್ಣಾ ತಿಂದ್ಯೋ ಇಲ್ಲೋ?"

ಒಂದು ಸುಳ್ಳು ಹೇಳಿದ್ದರೆ ಮುಗಿಯುತ್ತಿತ್ತು.

"ಇಲ್ಲಕ್ಕಾ. ಗಿಡಕ್ಕ ಸುರುವಿದೆ."

"ಗೊತ್ತೈತಿ. ಮರುದಿನ ನಿಮ್ಮ ನುಗ್ಗಿ ಬುಡಕ್ಕ ಇರವಿ ಜಾತ್ರಿ ಕೂಡಿತ್ತು. ನೀ ಯಾವಾಗ ಹೇಳ್ತಿ ಅಂತ ನೋಡಾಕತ್ತಿದ್ದೆ."

ನನ್ನ ಡಬ್ಬಿಯನ್ನು ತೆಗೆದುಕೊಳ್ಳುವಳೋ ಇಲ್ಲವೋ, ತಿಳಿಯಲಿಲ್ಲ. ಕೊನೆಗೆ ಕೈ ಚಾಚಿದಳು, ಎರಡು ಪ್ಲೇಟಿಗೆ ಗಿಣ್ಣ ಹಾಕಿ ಒಂದನ್ನು ಹೊಸ್ತಿಲ ಒಳಗೆ, ಬುದ್ಧನ ಫೋಟೋದ ಕೆಳಗೆ ಇಟ್ಟಳು. "ಇಲ್ಲಿ ಕುಂತ ತಿನ್ನೂದಿದ್ರ ನಾನೂ ತಿಂತೇನಿ. ಇಲ್ಲಂದ್ರ ಹೊಳ್ಳಿ ಒಯ್ಯಿ."

ಒಳಗೆ ಹೋಗಿ ಕುಳಿತೆ. ಪ್ಲೇಟು ಎತ್ತಿಕೊಂಡು ತಿಂದೆ. ಅವಳೂ ತಿಂದಳು. ತೊಳೆಯದ ಡಬ್ಬಿಯಲ್ಲಿ ಬೆಲ್ಲ ಇಟ್ಟು ಕೊಟ್ಟಳು.

ಮನೆಯಲ್ಲಿ ಅತ್ತೆ ಕೇಳಿದರು, "ಎಲ್ಲಿಗ ಹೋಗಿದ್ದಿ?"

"ಅಕ್ಕನ ಮನ್ಯಾಗ ಕುಂತ ಗಿಣ್ಣಾ ತಿಂದ ಬಂದೆ."

ಅತ್ತೆ ಡಬ್ಬಿಯನ್ನು ನೋಡಿದರು, ಮುಟ್ಟಲಿಲ್ಲ. ಡಬ್ಬಿಯಲ್ಲಿ ಮರಳಿ ಬಂದ ಬೆಲ್ಲವನ್ನು ಎಮ್ಮೆಗೆ ತಿನ್ನಿಸುವುದು ರೂಢಿ. ನಾನು ಅರ್ಧ ಎಮ್ಮೆಗೆ ಕೊಟ್ಟು, ಇನ್ನರ್ಧವನ್ನು ಅವರೆದುರಿಗೇ ನಿಮ್ಮ ಅಪ್ಪನ ಕೈಗಿಟ್ಟೆ. ಅವನು ತಿಂದು ಮುಗಿಸುವವರೆಗೂ ನಾನು ಅಲ್ಲಿಂದ ಕದಲಲಿಲ್ಲ.